ಪುಟ್ಟ ಬೆರಳಿಗೆ ಪೆನ್ಸಿಲ್ ಭಾರ: ಅಕ್ಷರಕ್ಕೂ ಮುನ್ನ ಕೈ ಸಿದ್ಧವಾಗಿದೆಯೇ?

ಬೆಂಗಳೂರು: ಒಂದನೇ ತರಗತಿಗೆ ದಾಖಲಾಗುವ ಮಗುವಿಗೆ ಎಷ್ಟು ವಯಸ್ಸಾಗಿರಬೇಕು? ಈ ಪ್ರಶ್ನೆ ಕೆಲವು ವರ್ಷಗಳಿಂದ ರಾಜ್ಯದ ಪೋಷಕರ ನೆಮ್ಮದಿ ಕೆಡಿಸಿದೆ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು 2022ರ ಜುಲೈನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಪೋಷಕರ ಆಕ್ಷೇಪದ ನಂತರ ಅದರ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಆ ಸಾಲು ಹತ್ತಿರ ಬಂದಾಗ ಮತ್ತೆ ಒತ್ತಡ ಹೆಚ್ಚಿತು. 2025ರ ಏಪ್ರಿಲ್‌ನಲ್ಲಿ ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಅವರು ಆ ಒಂದು ವರ್ಷಕ್ಕೆ ಸೀಮಿತವಾಗಿ ಮಿತಿಯನ್ನು ಐದು ವರ್ಷ ಐದು ತಿಂಗಳಿಗೆ ಇಳಿಸಿದರು. ಮಗು ಯುಕೆಜಿ ಮುಗಿಸಿರಬೇಕು ಎಂಬುದು ಅದಕ್ಕೆ ಹಾಕಿದ ಷರತ್ತು.

ಈ ಇಡೀ ಚರ್ಚೆಯಲ್ಲಿ ತಿಂಗಳುಗಳ ಲೆಕ್ಕ ನಡೆಯಿತು, ದಿನಗಳ ಲೆಕ್ಕವೂ ನಡೆಯಿತು. ಆದರೆ ಆ ವಯಸ್ಸಿನ ಮಗುವಿನ ಕೈಬೆರಳುಗಳಿಗೆ ಯಾವ ಕೆಲಸ ಸಾಧ್ಯ, ಯಾವುದು ಅಸಾಧ್ಯ ಎಂಬ ಮೂಲಭೂತ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಮೂರು ವರ್ಷ ತುಂಬಿದ ಕೂಡಲೇ ಪೆನ್ಸಿಲ್ ಹಿಡಿಸುವ, ನಾಲ್ಕಕ್ಕೆ ನಾಲ್ಕು ಗೆರೆಯ ಪುಸ್ತಕ ತುಂಬಿಸುವ ರೂಢಿ ಯಾವ ಆದೇಶದಲ್ಲೂ ಇಲ್ಲ. ಆದರೂ ಅದು ನಗರಗಳ ನರ್ಸರಿಗಳಲ್ಲಿ ಅಲಿಖಿತ ನಿಯಮವಾಗಿ ಬೇರೂರಿದೆ.

ಇದರ ಪರಿಣಾಮ ಸಂಜೆಯ ಹೊತ್ತು ಮನೆಮನೆಗಳಲ್ಲಿ ಕಾಣುತ್ತದೆ. ಒಂದು ಪುಟ ‘ಅ’ ಬರೆಯಲು ಮಗು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಪೆನ್ಸಿಲ್ ಮೊನೆ ಮುರಿಯುತ್ತದೆ, ಹಾಳೆ ಹರಿಯುತ್ತದೆ, ಕೈ ನೋಯುತ್ತದೆ ಎಂದು ಮಗು ಅಳುತ್ತದೆ. ತಾಯಿ ಮಗುವಿನ ಕೈ ಹಿಡಿದು ತಾನೇ ಬರೆಸುತ್ತಾಳೆ. ಮರುದಿನ ಪುಸ್ತಕದಲ್ಲಿ ಕೆಂಪು ಶಾಯಿಯ ಟಿಪ್ಪಣಿ ಬರುತ್ತದೆ. ಕಾಗದ ಕತ್ತರಿಸಿ ಅಂಟಿಸುವ ಕೆಲಸವಿದ್ದರೆ ಅದನ್ನು ಅಮ್ಮನೋ ಅಕ್ಕನೋ ಮಾಡಿ ಮುಗಿಸುತ್ತಾರೆ. ಹೀಗೆ ಐದು ವರ್ಷ ತುಂಬುವ ಮೊದಲೇ ಮಗುವಿಗೆ ‘ಸೋಮಾರಿ’, ‘ದಡ್ಡ’ ಎಂಬ ಹಣೆಪಟ್ಟಿ ಅಂಟಿಕೊಳ್ಳುತ್ತದೆ. ಅಸಲಿಗೆ ಅಲ್ಲಿ ಸೋತಿರುವುದು ಮಗುವಿನ ಬುದ್ಧಿಯಲ್ಲ. ಇನ್ನೂ ಸಿದ್ಧವಾಗದ ಕೈ.

ಭುಜದಿಂದ ಬೆರಳಿಗೆ

ಮಗುವಿನ ದೇಹದ ಮೇಲೆ ಹಿಡಿತ ಬರುವುದಕ್ಕೆ ಒಂದು ಕ್ರಮವಿದೆ. ಮೊದಲು ಕತ್ತು ನಿಲ್ಲುತ್ತದೆ, ನಂತರ ಬೆನ್ನು, ಭುಜ, ಮೊಣಕೈ, ಮಣಿಕಟ್ಟು. ಎಲ್ಲಕ್ಕಿಂತ ಕೊನೆಗೆ ಬೆರಳ ತುದಿ. ಬೆನ್ನು ನೆಟ್ಟಗೆ ನಿಲ್ಲದ, ಭುಜ ಗಟ್ಟಿಯಾಗದ ಮಗುವಿನಿಂದ ದುಂಡಗಿನ ಅಕ್ಷರ ನಿರೀಕ್ಷಿಸುವುದು ಅಡಿಪಾಯ ಹಾಕದೆ ಮಾಳಿಗೆ ಕಟ್ಟಿದಂತೆ. ಮರ ಹತ್ತುವುದು, ಜೋತಾಡುವುದು, ಕೊಡದಲ್ಲಿ ನೀರು ತರುವುದು ಇವೆಲ್ಲ ಬರವಣಿಗೆಗೆ ಸಂಬಂಧವಿಲ್ಲದ ಕೆಲಸಗಳಂತೆ ಕಂಡರೂ ಬರೆಯುವ ತೋಳನ್ನು ಬಲಪಡಿಸುವುದು ಇವೇ.

ಪೆನ್ಸಿಲ್ ಹಿಡಿಯುವ ರೀತಿಯೂ ಹಂತಹಂತವಾಗಿ ಬದಲಾಗುತ್ತದೆ. ಒಂದರಿಂದ ಒಂದೂವರೆ ವರ್ಷದ ಮಗು ಬಳಪವನ್ನು ಮುಷ್ಟಿಯಲ್ಲಿ ಹಿಡಿದು ಇಡೀ ತೋಳನ್ನು ಆಡಿಸಿ ಗೀಚುತ್ತದೆ. ಎರಡು, ಮೂರು ವರ್ಷದ ಹೊತ್ತಿಗೆ ಬೆರಳುಗಳು ಕೆಳಮುಖವಾಗಿ ಬಳಪವನ್ನು ಅಪ್ಪಿಕೊಳ್ಳುತ್ತವೆ. ಮೂರೂವರೆಯಿಂದ ನಾಲ್ಕರ ಹೊತ್ತಿಗೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳ ನಡುವೆ ಪೆನ್ಸಿಲ್ ಕೂರುತ್ತದೆ. ಆದರೆ ಆಗಲೂ ಚಲಿಸುವುದು ಮಣಿಕಟ್ಟೇ ಹೊರತು ಬೆರಳುಗಳಲ್ಲ. ಮಣಿಕಟ್ಟು ನಿಂತು ಬೆರಳುಗಳಷ್ಟೇ ಆಡುವ ಪ್ರೌಢ ಹಿಡಿತ ಬರುವುದು ಸಾಮಾನ್ಯವಾಗಿ ನಾಲ್ಕೂವರೆಯಿಂದ ಆರು ವರ್ಷಗಳ ನಡುವೆ. ಕೆಲವು ಮಕ್ಕಳಿಗೆ ಇನ್ನೂ ತಡವಾಗುತ್ತದೆ.

ಆಕೃತಿಗಳ ನಕಲಿಗೂ ಇದೇ ಮಾತು ಅನ್ವಯಿಸುತ್ತದೆ. ಮೂರರ ಸುಮಾರಿಗೆ ಮಗು ವೃತ್ತ ಬಿಡಿಸುತ್ತದೆ. ನಾಲ್ಕಕ್ಕೆ ಕೂಡಿಸುವ ಚಿಹ್ನೆಯಂತಹ ಅಡ್ಡ-ಉದ್ದ ಗೆರೆ, ನಾಲ್ಕೂವರೆ-ಐದಕ್ಕೆ ಚೌಕ, ಐದು ದಾಟಿದ ಮೇಲೆ ತ್ರಿಕೋನ. ಓರೆ ಗೆರೆ ಎಳೆಯುವುದು ಎಲ್ಲಕ್ಕಿಂತ ಕಷ್ಟ. ಇಂಗ್ಲಿಷಿನ ‘ಕೆ’, ‘ಎಕ್ಸ್’, ‘ಝಡ್’ ಅಕ್ಷರಗಳು ಓರೆ ಗೆರೆಗಳ ಮೇಲೆಯೇ ನಿಂತಿವೆ. ತ್ರಿಕೋನ ಬಾರದ ಮಗುವಿನಿಂದ ಈ ಅಕ್ಷರಗಳನ್ನು ಪುಟಗಟ್ಟಲೆ ಬರೆಸುವುದು ಎಷ್ಟು ಸರಿ ಎಂಬುದನ್ನು ನರ್ಸರಿ ನಡೆಸುವವರು ಆಲೋಚಿಸಬೇಕಿದೆ.

ಮಣಿಕಟ್ಟಿನ ಎಂಟು ಪುಟ್ಟ ಮೂಳೆಗಳು ಹುಟ್ಟುವಾಗ ಮೃದ್ವಸ್ಥಿಯ ರೂಪದಲ್ಲಿರುತ್ತವೆ. ಅವು ಒಂದೊಂದಾಗಿ ಗಟ್ಟಿಯಾಗುತ್ತ ಹೋಗಿ, ಕೊನೆಯದು ಗಟ್ಟಿಯಾಗುವ ಹೊತ್ತಿಗೆ ಮಗು ಒಂಬತ್ತು ದಾಟಿರುತ್ತದೆ. ಬರವಣಿಗೆಯನ್ನು ಮೂಳೆಯೊಂದೇ ನಿರ್ಧರಿಸುವುದಿಲ್ಲ. ಕಣ್ಣು, ಕೈ, ಮಿದುಳುಗಳ ಹೊಂದಾಣಿಕೆಯ ಪಾತ್ರವೇ ದೊಡ್ಡದು. ಆದರೆ ಮಗುವಿನ ಕೈ ದೊಡ್ಡವರ ಕೈಯ ಚಿಕ್ಕ ಪ್ರತಿಯಲ್ಲ ಎಂಬುದನ್ನು ನೆನಪಿಸಲು ಈ ಒಂದು ಸಂಗತಿ ಸಾಕು.

ಕತ್ತರಿ ಕಲಿಸುವ ಪಾಠ

ಕತ್ತರಿ ಎಂದರೆ ನಮ್ಮ ಮನೆಗಳಲ್ಲಿ ಮಕ್ಕಳ ಕೈಗೆ ಸಿಗದಂತೆ ಎತ್ತಿಡುವ ವಸ್ತು. ಶಾಲೆಗಳಲ್ಲಿ ಅದು ‘ಕ್ರಾಫ್ಟ್’ ಪಿರಿಯಡ್ಡಿನ ಪರಿಕರ. ಅಂದರೆ ಪಾಠ ಮುಗಿದರೆ ಮಾತ್ರ ನೆನಪಾಗುವಂಥದ್ದು. ಆದರೆ ಬರವಣಿಗೆಗೆ ಕೈಯನ್ನು ಹದಗೊಳಿಸುವ ಸಾಧನಗಳಲ್ಲಿ ಕತ್ತರಿಗೆ ಮಹತ್ವದ ಸ್ಥಾನವಿದೆ ಎಂಬುದು ಬಹುತೇಕ ಪೋಷಕರಿಗೆ ತಿಳಿದಿಲ್ಲ.

ಕತ್ತರಿಸುವಾಗ ಮಗುವಿನ ಎರಡು ಕೈಗಳೂ ಏಕಕಾಲಕ್ಕೆ ಬೇರೆಬೇರೆ ಕೆಲಸ ಮಾಡುತ್ತವೆ. ಒಂದು ಕೈ ಕತ್ತರಿಯನ್ನು ತೆರೆದು ಮುಚ್ಚುತ್ತದೆ. ಇನ್ನೊಂದು ಕೈ ಕಾಗದವನ್ನು ಹಿಡಿದು ತಿರುಗಿಸುತ್ತದೆ. ಕಣ್ಣು ಗೆರೆಯ ಮೇಲಿರುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳು ಚಲಿಸುತ್ತಿದ್ದರೆ ಉಂಗುರದ ಬೆರಳು, ಕಿರುಬೆರಳುಗಳು ಅಂಗೈಗೆ ಆನಿಸಿ ಆಧಾರ ಕೊಡುತ್ತವೆ. ಬರೆಯುವಾಗ ಬೇಕಾಗುವುದೂ ಇದೇ ವಿಭಜನೆ: ಮೂರು ಬೆರಳು ದುಡಿಯಬೇಕು, ಎರಡು ಬೆರಳು ಆಸರೆಯಾಗಬೇಕು, ಮತ್ತೊಂದು ಕೈ ಪುಸ್ತಕವನ್ನು ಹಿಡಿದಿರಬೇಕು.

ಕತ್ತರಿಗೂ ಹಂತಗಳಿವೆ. ಎರಡೂವರೆ ವರ್ಷದ ಸುಮಾರಿಗೆ ಮಗು ಕಾಗದದ ಅಂಚನ್ನು ‘ಕಚಕ್’ ಎಂದು ಒಮ್ಮೆ ಕತ್ತರಿಸಬಲ್ಲದು. ಮೂರರ ಹೊತ್ತಿಗೆ ಕಾಗದವನ್ನು ಅಡ್ಡಲಾಗಿ ತುಂಡರಿಸಬಲ್ಲದು. ಮೂರೂವರೆ-ನಾಲ್ಕಕ್ಕೆ ನೇರ ಗೆರೆ, ನಾಲ್ಕೂವರೆ-ಐದರ ಹೊತ್ತಿಗೆ ವೃತ್ತ ಮತ್ತು ಚೌಕ. ಇವು ಸರಾಸರಿ ಲೆಕ್ಕಗಳೇ ಹೊರತು ಎಲ್ಲ ಮಕ್ಕಳೂ ತಲುಪಲೇಬೇಕಾದ ಗಡುವುಗಳಲ್ಲ. ಮನೆಯಲ್ಲಿ ಕತ್ತರಿಯನ್ನೇ ಮುಟ್ಟದ ಮಗುವಿಗೆ ತಡವಾಗುವುದು ಸಹಜ. ಅದನ್ನು ದೋಷವೆಂದು ಭಾವಿಸಬೇಕಿಲ್ಲ.

ಕಲಿಸುವ ಬಗೆಯೂ ಸುಲಭವಿದೆ. ಮೊನೆ ದುಂಡಗಿರುವ, ಆದರೆ ಚೆನ್ನಾಗಿ ಕತ್ತರಿಸುವ ಪುಟ್ಟ ಕತ್ತರಿ ಬೇಕು. ಮೊಂಡು ಕತ್ತರಿ ಸುರಕ್ಷಿತವೆಂದು ಕೊಟ್ಟರೆ ಕಾಗದ ಮಡಚಿಕೊಂಡು ಮಗುವಿಗೆ ಬೇಸರ ಬರುತ್ತದೆ. ಹೆಬ್ಬೆರಳು ಮೇಲ್ಮುಖವಾಗಿರಬೇಕು, ಮೊಣಕೈ ಪಕ್ಕೆಗೆ ತಾಗಿರಬೇಕು. ತೆಳ್ಳನೆಯ ಹಾಳೆಗಿಂತ ದಪ್ಪ ಕಾಗದ ಆರಂಭಕ್ಕೆ ಸೂಕ್ತ. ಮನೆಯಲ್ಲಿ ರಾಶಿ ಬೀಳುವ ಹಳೆಯ ಲಗ್ನಪತ್ರಿಕೆಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಅವನ್ನು ಬೆರಳಗಲದ ಪಟ್ಟಿಗಳಾಗಿ ಮಾಡಿಕೊಟ್ಟರೆ ಒಂದೇ ಒತ್ತಿಗೆ ತುಂಡು ಕೆಳಗೆ ಬೀಳುತ್ತದೆ, ಮಗುವಿಗೆ ಗೆದ್ದ ಖುಷಿ ಸಿಗುತ್ತದೆ. ನಂತರ ದಪ್ಪ ಗೆರೆ ಎಳೆದ ಪಟ್ಟಿ, ಆಮೇಲೆ ಬಾಗಿದ ಗೆರೆ, ಕೊನೆಗೆ ಆಕೃತಿ. ಈ ಕೆಲಸ ನಡೆಯುವಾಗ ದೊಡ್ಡವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕನ್ನಡ ಅಕ್ಷರಗಳ ಸವಾಲು

ಕನ್ನಡ ಕಲಿಯುವ ಮಗುವಿನ ಮುಂದಿರುವ ಹೊರೆ ಇಂಗ್ಲಿಷಿಗಿಂತ ಭಿನ್ನ. ಮೂಲಾಕ್ಷರಗಳು 49. ವ್ಯಂಜನಗಳಿಗೆ ಸ್ವರ ಸೇರಿದಾಗ ಕಾಗುಣಿತದ ರೂಪಗಳು ನಾನೂರು ದಾಟುತ್ತವೆ. ಅದರ ಮೇಲೆ ಒತ್ತಕ್ಷರಗಳು. ಕೆಳಗಿನ ಒಂದು ಸಣ್ಣ ಸೀಳು ‘ದ’ವನ್ನು ‘ಧ’ವಾಗಿಸುತ್ತದೆ, ‘ಬ’ವನ್ನು ‘ಭ’ವಾಗಿಸುತ್ತದೆ. ನೇರ ಗೆರೆಗಳು ಕಡಿಮೆ. ಸುರುಳಿ, ಕೊಂಡಿ, ದಿಕ್ಕು ಬದಲಿಸುವ ತಿರುವುಗಳೇ ಹೆಚ್ಚು. ಓರೆ ಗೆರೆಯ ಕಷ್ಟ ಇಲ್ಲಿಲ್ಲದಿದ್ದರೂ, ಹಾಳೆಯಿಂದ ಪೆನ್ಸಿಲ್ ಎತ್ತದೆ ದಿಕ್ಕು ಬದಲಿಸುವ ಕಷ್ಟ ಇದೆ.

ಕನ್ನಡ ಮಾಧ್ಯಮದ ಮಕ್ಕಳ ಆರಂಭಿಕ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆ ಒಂದು ಮುಖ್ಯ ಸಂಗತಿಯನ್ನು ಮುಂದಿಟ್ಟಿತು. ಇಂಗ್ಲಿಷಿನ ಮಕ್ಕಳಂತೆ ಒಂದೆರಡು ವರ್ಷಗಳಲ್ಲಿ ಅಕ್ಷರ ಕಲಿಕೆ ಮುಗಿಯುವುದಿಲ್ಲ. ಕನ್ನಡದಲ್ಲಿ ಅದು ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೂ ಮುಂದುವರಿಯುತ್ತದೆ. ಹೀಗಿರುವಾಗ ಯುಕೆಜಿಯಲ್ಲೇ ಕಾಗುಣಿತ ಮುಗಿಸಬೇಕೆಂಬ ಆತುರಕ್ಕೆ ಆಧಾರವೇನು?

ರಾಜ್ಯದ ಸರ್ಕಾರಿ ಶಾಲೆಗಳು ಈ ಪ್ರಶ್ನೆಗೆ ಒಮ್ಮೆ ಜಾಣ ಉತ್ತರ ಕಂಡುಕೊಂಡಿದ್ದವು ಎಂಬುದು ಉಲ್ಲೇಖಾರ್ಹ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾದ ‘ನಲಿ-ಕಲಿ’ ಪದ್ಧತಿ ವರ್ಣಮಾಲೆಯ ಕ್ರಮವನ್ನೇ ಬದಿಗಿಟ್ಟಿತು. ‘ಅ, ಆ, ಇ, ಈ’ ಬದಲಿಗೆ ‘ರ, ಗ, ಸ, ದ, ಅ’. ಅದಾದ ಮೇಲೆ ‘ಜ, ವ, ಮ, ಬ, ನ’. ಬರೆಯಲು ಸರಳವಾದ ರೂಪಗಳು ಮೊದಲು ಬಂದವು. ಐದು ಅಕ್ಷರ ಕಲಿತ ಮಗು ಅಂದೇ ‘ಸರ’, ‘ಅಗಸ’, ‘ಅರಸ’, ‘ಗರಗಸ’ ಎಂದು ಬರೆದು ಓದಬಲ್ಲದು. ಮಗುವಿನ ಕೈಗೆ ತಕ್ಕಂತೆ ಪಾಠವನ್ನು ಬಗ್ಗಿಸಿದ ನಿದರ್ಶನ ಇದು. ದುರದೃಷ್ಟವೆಂದರೆ ನಗರಗಳ ಬಹುತೇಕ ಖಾಸಗಿ ನರ್ಸರಿಗಳು ಇಂದಿಗೂ ಪಾಠಕ್ಕೆ ತಕ್ಕಂತೆ ಮಗುವಿನ ಕೈಯನ್ನು ಬಗ್ಗಿಸುತ್ತಿವೆ.

ನೀತಿ ಒಂದು, ರೂಢಿ ಇನ್ನೊಂದು

ದಾಖಲೆಗಳಲ್ಲಿ ಎಲ್ಲವೂ ಸರಿಯಾಗಿಯೇ ಇದೆ. 2013ರ ರಾಷ್ಟ್ರೀಯ ಶಿಶು ಆರೈಕೆ ಮತ್ತು ಶಿಕ್ಷಣ ನೀತಿ ಆಟದ ಮೂಲಕ ಕಲಿಕೆಯನ್ನು ಪ್ರತಿಪಾದಿಸಿತು. 2022ರ ಅಕ್ಟೋಬರಿನಲ್ಲಿ ಹೊರಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಮೂರರಿಂದ ಆರು ವರ್ಷದ ಮಕ್ಕಳಿಗೆ ನಿಗದಿತ ಪಠ್ಯಪುಸ್ತಕವೇ ಬೇಡ ಎಂದಿತು. ರಾಷ್ಟ್ರೀಯ ಶಿಕ್ಷಣ ನೀತಿಯ ಕುರಿತು ರಾಜ್ಯ ಮತ್ತು ಕೇಂದ್ರದ ನಡುವೆ ಎಷ್ಟೇ ಭಿನ್ನಾಭಿಪ್ರಾಯವಿದ್ದರೂ, ನಾಲ್ಕು ವರ್ಷದ ಮಗುವಿಗೆ ಮನೆಗೆಲಸ ಕೊಡಬೇಕೆಂದು ಯಾರೂ ಹೇಳಿಲ್ಲ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಎರಡು ವರ್ಷಗಳ ಪೂರ್ವ ಪ್ರಾಥಮಿಕ ಹಂತವನ್ನೊಳಗೊಂಡ 2+8+4 ರಚನೆಯನ್ನು ಶಿಫಾರಸು ಮಾಡಿತು. ಆ ಎರಡು ವರ್ಷ ಹೇಗೆ ಕಳೆಯಬೇಕು ಎಂಬುದೇ ಮುಂದಿನ ಪ್ರಶ್ನೆ.

ಹಾಗಾದರೆ ತಪ್ಪುತ್ತಿರುವುದು ಎಲ್ಲಿ? ಉತ್ತರ ಮಾರುಕಟ್ಟೆಯಲ್ಲಿದೆ. ಶುಲ್ಕ ಕಟ್ಟುವ ಪೋಷಕರಿಗೆ ಕಲಿಕೆಯ ಪುರಾವೆ ಬೇಕು. ಮಣ್ಣಿನಲ್ಲಿ ಆಡಿ ಬಂದ ಮಗುವಿನ ಬಟ್ಟೆ ಪುರಾವೆಯಾಗುವುದಿಲ್ಲ. ತುಂಬಿದ ನೋಟುಪುಸ್ತಕ ಪುರಾವೆಯಾಗುತ್ತದೆ. ಒಂದನೇ ತರಗತಿಯ ಪ್ರವೇಶಕ್ಕೆ ಕೆಲವು ಶಾಲೆಗಳು ಮಗುವಿನಿಂದ ಹೆಸರು ಬರೆಸಿ ನೋಡುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರವೇಶಕ್ಕಾಗಿ ಮಗುವನ್ನು ಪರೀಕ್ಷಿಸುವುದನ್ನು ಸ್ಪಷ್ಟವಾಗಿ ನಿಷೇಧಿಸಿದೆ. ಆದರೆ ‘ಮಾತುಕತೆ’ಯ ಹೆಸರಿನಲ್ಲಿ ಅದು ಹಿಂಬಾಗಿಲಿನಿಂದ ಒಳಬರುತ್ತದೆ. ಒಂದು ಶಾಲೆ ಮುಂದಕ್ಕೆ ಓಡಿದರೆ ಪಕ್ಕದ ಶಾಲೆ ನಿಂತಿರಲಾರದು. ಈ ಓಟದಲ್ಲಿ ಏದುಸಿರು ಬಿಡುವುದು ಮಾತ್ರ ಮಗು.

ಅಂಗನವಾಡಿಯ ಅಂಗಳ

ದೇಶದ ಮೊದಲ ಹಂತದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಗಳಲ್ಲಿ ಒಂದು 1975ರ ಅಕ್ಟೋಬರ್ 2ರಂದು ಮೈಸೂರು ಜಿಲ್ಲೆಯ ತಿ.ನರಸೀಪುರದಲ್ಲಿ ಆರಂಭವಾಯಿತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿ ಕೇಂದ್ರಗಳಿವೆ. ಅಲ್ಲಿ ಬಳಕೆಯಲ್ಲಿರುವ ‘ಚಿಲಿಪಿಲಿ’ ಚಟುವಟಿಕೆಗಳಲ್ಲಿ ಹಾಡು, ಕಥೆ, ಮಣ್ಣು, ಬಣ್ಣ, ಬೀಜಗಳಿಗೆ ಜಾಗವಿದೆ. ವಿಚಿತ್ರವೆಂದರೆ ‘ಅಲ್ಲಿ ಬರೆಸುವುದಿಲ್ಲ’ ಎಂಬ ಕಾರಣಕ್ಕೇ ಪೋಷಕರು ಅಂಗನವಾಡಿ ಬಿಡಿಸಿ ಕಾನ್ವೆಂಟಿಗೆ ಸೇರಿಸುತ್ತಾರೆ. ಅಂಗನವಾಡಿಯ ಬಲವೇ ಅದರ ದೌರ್ಬಲ್ಯವಾಗಿ ಬಿಂಬಿತವಾಗಿದೆ.

2024ರ ಜೂನ್‌ನಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ತೀರ್ಮಾನದ ವಿರುದ್ಧ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದರು. ಮಕ್ಕಳು ಶಾಲೆಗೆ ಹೋದರೆ ಕೇಂದ್ರಗಳು ಖಾಲಿಯಾಗುತ್ತವೆ ಎಂಬುದು ಅವರ ಆತಂಕ. ಮರುತಿಂಗಳೇ ಬೆಂಗಳೂರಿನಲ್ಲಿ 250 ಅಂಗನವಾಡಿಗಳನ್ನು ‘ಸರ್ಕಾರಿ ಮಾಂಟೆಸ್ಸರಿ’ಗಳಾಗಿ ಮೇಲ್ದರ್ಜೆಗೇರಿಸುವ ಕಾರ್ಯಕ್ರಮಕ್ಕೆ ಸರ್ಕಾರ ಚಾಲನೆ ನೀಡಿತು.

ಈ ಹೆಸರಿಗೆ ಒಂದು ಜವಾಬ್ದಾರಿ ಇದೆ. 1939ರಲ್ಲಿ ಭಾರತಕ್ಕೆ ಬಂದು 1946ರವರೆಗೆ ಇಲ್ಲಿಯೇ ನೆಲೆಸಿದ್ದ ಮರಿಯಾ ಮಾಂಟೆಸ್ಸರಿ ಅವರ ಪದ್ಧತಿಯಲ್ಲಿ ಪೆನ್ಸಿಲ್ ಹಿಡಿಯುವ ಮೊದಲು ದೊಡ್ಡ ತಯಾರಿ ನಡೆಯುತ್ತದೆ. ಮಗು ಕಾಳು ಸುರಿಯುತ್ತದೆ, ಗುಂಡಿ ಹಾಕುತ್ತದೆ, ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರದ ಮೇಲೆ ಬೆರಳಾಡಿಸುತ್ತದೆ. ಫಲಕ ಬದಲಿಸಿ ಒಳಗೆ ಪುಟಗಟ್ಟಲೆ ಕಾಪಿ ಬರೆಸಿದರೆ ಅದು ಮಾಂಟೆಸ್ಸರಿಯಾಗುವುದಿಲ್ಲ. ಪೌಷ್ಟಿಕ ಆಹಾರ ವಿತರಣೆ, ತೂಕ ನೋಡುವುದು, ಮೊಬೈಲ್ ಆ್ಯಪ್‌ನಲ್ಲಿ ಮಾಹಿತಿ ತುಂಬುವುದು, ಸಮೀಕ್ಷೆ ಇವುಗಳ ನಡುವೆ ಕಾರ್ಯಕರ್ತೆಗೆ ಮಕ್ಕಳ ಬೆರಳು ಗಮನಿಸಲು ಎಷ್ಟು ಹೊತ್ತು ಉಳಿಯುತ್ತದೆ ಎಂಬುದೂ ಯೋಚಿಸಬೇಕಾದ ವಿಷಯ.

ಕೈಗೆ ಕಸುವು ತುಂಬಲು ದುಬಾರಿ ಆಟಿಕೆ ಬೇಕಿಲ್ಲ. ಚಳಿಗಾಲದಲ್ಲಿ ಹಳೇ ಮೈಸೂರು ಭಾಗದ ಮನೆಗಳಲ್ಲಿ ಅವರೆಕಾಳು ಹಿದುಕುವುದು ನಡೆಯುತ್ತದೆ. ಹೆಬ್ಬೆರಳು-ತೋರುಬೆರಳ ನಡುವೆ ನೆನೆದ ಕಾಳನ್ನು ಒತ್ತಿ ಸಿಪ್ಪೆಯಿಂದ ಜಾರಿಸುವ ಆ ಕೆಲಸಕ್ಕಿಂತ ಉತ್ತಮ ಬೆರಳ ವ್ಯಾಯಾಮವನ್ನು ಯಾವ ಕಂಪನಿಯೂ ಮಾರಲಾರದು. ಅಳಗುಳಿಮಣೆಯಲ್ಲಿ ಹುಣಸೆಬೀಜ ಒಂದೊಂದಾಗಿ ಬಿಡುವುದು, ಚಪಾತಿ ಹಿಟ್ಟನ್ನು ಉಂಡೆ ಮಾಡುವುದು, ಹೂವು ಕಟ್ಟಲು ನೆರವಾಗುವುದು, ರಂಗೋಲಿ ಪುಡಿಯನ್ನು ಚಿಟಿಕೆಯಲ್ಲಿ ಬಿಡುವುದು, ಗೋಲಿ ಹೊಡೆಯುವುದು, ಬಟ್ಟೆ ಒಣಗಿಸುವ ಕ್ಲಿಪ್ಪು ಒತ್ತುವುದು ಎಲ್ಲವೂ ಅದೇ ಸಾಲಿಗೆ ಸೇರುತ್ತವೆ. ಅಪಾರ್ಟ್‌ಮೆಂಟುಗಳ ಬದುಕಿನಲ್ಲಿ ಈ ಕೆಲಸಗಳು ಒಂದೊಂದಾಗಿ ಮಗುವಿನ ಕೈತಪ್ಪಿವೆ. ಗುಂಡಿಯ ಬದಲು ಜಿಪ್ಪು, ದಾರದ ಬದಲು ಅಂಟುಪಟ್ಟಿಯ ಬೂಟು, ಮಣ್ಣಿನ ಬದಲು ಮೊಬೈಲ್ ಪರದೆ ಬಂದಿವೆ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಪರದೆಯ ಮುಂದೆ ಕೂರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿಯೇ ಹೇಳಿದೆ.

ತಿದ್ದುವುದು ಸಾಕೇ?

ಅಕ್ಕಿಯ ಮೇಲೆ ಬೆರಳಿನಿಂದ ಬರೆಸುವ ಅಕ್ಷರಾಭ್ಯಾಸ, ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದುಕೊಟ್ಟ ಅಕ್ಷರವನ್ನು ಬಳಪದಿಂದ ತಿದ್ದುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇವು ಒಳ್ಳೆಯ ಆರಂಭಗಳೇ. ಸ್ಲೇಟು ಒರಟಾಗಿದೆ, ಬಳಪ ಚಿಕ್ಕದಿದೆ, ತಪ್ಪಿದರೆ ಒರೆಸಿಬಿಡಬಹುದು. ತುಂಡು ಬಳಪವನ್ನು ಮುಷ್ಟಿಯಲ್ಲಿ ಹಿಡಿಯಲು ಬಾರದು. ಬೆರಳ ತುದಿಗೇ ಬರುತ್ತದೆ. ಉದ್ದನೆಯ ಹೊಸ ಪೆನ್ಸಿಲ್‌ಗಿಂತ ಮುರಿದ ಕ್ರೇಯಾನ್ ಚಿಕ್ಕ ಮಕ್ಕಳಿಗೆ ಮೇಲು ಎಂದು ಥೆರಪಿಸ್ಟ್‌ಗಳು ಹೇಳುವುದೂ ಇದೇ ಕಾರಣಕ್ಕೆ. ಗೋಡೆಗೆ ಆನಿಸಿದ ಕಪ್ಪುಹಲಗೆಯ ಮೇಲೆ ನಿಂತು ಗೀಚಿದರೆ ಭುಜವೂ ಮಣಿಕಟ್ಟೂ ಬಲಗೊಳ್ಳುತ್ತವೆ.

ಆದರೆ ಚುಕ್ಕಿಗಳ ಮೇಲೆ ತಿದ್ದುವುದಕ್ಕೆ ಒಂದು ಮಿತಿ ಇದೆ. ಅಮೆರಿಕದ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಿಗೆ ಮೂರು ಬಗೆಯಲ್ಲಿ ಅಕ್ಷರ ಅಭ್ಯಾಸ ಮಾಡಿಸಲಾಯಿತು. ನೋಡಿ ತಾವೇ ಬರೆಯುವುದು, ಚುಕ್ಕಿಯ ಮೇಲೆ ತಿದ್ದುವುದು, ಕೀಲಿಮಣೆ ಒತ್ತುವುದು. ನಂತರ ಅದೇ ಅಕ್ಷರಗಳನ್ನು ತೋರಿಸಿದಾಗ, ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಚುರುಕಾದದ್ದು ತಾವೇ ಬರೆದು ಕಲಿತ ಅಕ್ಷರಗಳಿಗೆ. ಅಧ್ಯಯನಕ್ಕೆ ಒಳಗಾದ ಮಕ್ಕಳ ಸಂಖ್ಯೆ ಚಿಕ್ಕದು, ಭಾಷೆಯೂ ಇಂಗ್ಲಿಷ್. ಆದರೂ ಸೊಟ್ಟಗಿದ್ದರೂ ಮಗು ತಾನೇ ಬರೆದ ಅಕ್ಷರಕ್ಕೆ ಬೆಲೆ ಇದೆ ಎಂಬ ಸೂಚನೆ ಅದರಲ್ಲಿದೆ. ಅಮ್ಮ ಕೈ ಹಿಡಿದು ಬರೆಸಿದ ಅಚ್ಚುಕಟ್ಟಾದ ಪುಟಕ್ಕೆ ಆ ಬೆಲೆ ಇಲ್ಲ.

ಎಡಗೈ ಅಪರಾಧವಲ್ಲ

ಸುಮಾರು ಹತ್ತು ಜನರಲ್ಲಿ ಒಬ್ಬರು ಎಡಗೈ ಬಳಸುವವರು. ಊಟ, ಪೂಜೆ, ಕೊಡುಕೊಳ್ಳುವ ಕೆಲಸಗಳಲ್ಲಿ ಎಡಗೈ ಸಲ್ಲದೆಂಬ ನಂಬಿಕೆ ಪೆನ್ಸಿಲ್‌ಗೂ ಹಬ್ಬಿ, ಎಷ್ಟೋ ಮನೆಗಳಲ್ಲಿ ಮಗುವಿನ ಕೈಯನ್ನು ಬಲವಂತವಾಗಿ ಬದಲಿಸಲಾಗುತ್ತದೆ. ಕೈ ಬದಲಿಸಿದರೆ ಮಗು ಪಳಗಿದ ಕೈಯನ್ನು ಬಿಟ್ಟು ಪಳಗದ ಕೈಯಿಂದ ಬರೆಯಬೇಕಾಗುತ್ತದೆ, ಅಷ್ಟೇ. ಅದರಿಂದ ಲಾಭವೇನೂ ಇಲ್ಲ.

ಎಡಗೈ ಮಗುವಿಗೆ ಬೇಕಿರುವುದು ಸಣ್ಣ ಹೊಂದಾಣಿಕೆ. ಪುಸ್ತಕದ ಮೇಲ್ತುದಿ ಬಲಕ್ಕೆ ವಾಲಿರಬೇಕು. ಬೆಂಚಿನಲ್ಲಿ ಎಡತುದಿಗೆ ಕೂರಿಸಿದರೆ ಪಕ್ಕದ ಮಗುವಿನ ಮೊಣಕೈ ತಾಗದು. ಸಾಮಾನ್ಯ ಕತ್ತರಿಯ ಅಲಗುಗಳು ಬಲಗೈಗೆ ಹೊಂದುವಂತೆ ಜೋಡಿಸಿರುತ್ತವೆ. ಅದನ್ನು ಎಡಗೈಯಲ್ಲಿ ಹಿಡಿದರೆ ಕತ್ತರಿಸಬೇಕಾದ ಗೆರೆಯೇ ಮರೆಯಾಗುತ್ತದೆ. ಎಡಗೈಗೆಂದೇ ಇರುವ ಕತ್ತರಿ ದೊರೆಯುತ್ತದೆ. ಒಂದು ತರಗತಿಗೆ ಅಂಥ ಎರಡು ಕತ್ತರಿ ಇದ್ದರೆ ಸಾಕು. ಗಮನದಲ್ಲಿಡಬೇಕಾದ ಇನ್ನೊಂದು ಅಂಶವಿದೆ: ಒಂದು ವರ್ಷ ತುಂಬುವ ಮೊದಲೇ ಮಗು ಒಂದೇ ಕೈಯನ್ನು ಬಳಸುತ್ತ ಇನ್ನೊಂದನ್ನು ಮುಷ್ಟಿ ಕಟ್ಟಿಕೊಂಡೇ ಇದ್ದರೆ ಅದು ಎಡಗೈ-ಬಲಗೈ ಪ್ರಶ್ನೆಯಲ್ಲ. ಕೂಡಲೇ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಸೋಮಾರಿತನವೋ, ತೊಂದರೆಯೋ?

ಎಲ್ಲ ಮಕ್ಕಳ ಕಷ್ಟವೂ ಕಾಲ ಸರಿದಂತೆ ಕರಗುವುದಿಲ್ಲ ಎಂಬುದು ಈ ವಿಷಯದ ಇನ್ನೊಂದು ಮುಖ. ಶಾಲಾ ವಯಸ್ಸಿನ ಮಕ್ಕಳಲ್ಲಿ ಶೇ 5ರಿಂದ 6ರಷ್ಟು ಮಂದಿಗೆ ಚಲನೆಯ ಸಮನ್ವಯದಲ್ಲೇ ತೊಂದರೆ ಇರುತ್ತದೆ ಎಂದು ವೈದ್ಯಕೀಯ ಗ್ರಂಥಗಳು ಅಂದಾಜಿಸುತ್ತವೆ. ಮೂವತ್ತು ಮಕ್ಕಳ ತರಗತಿಯಲ್ಲಿ ಅಂಥ ಒಂದಿಬ್ಬರು ಇರುವ ಸಾಧ್ಯತೆ ಇದೆ. ಇವರು ಬುದ್ಧಿವಂತರೇ; ಬಾಯಲ್ಲಿ ಕೇಳಿದರೆ ಪಟಪಟನೆ ಉತ್ತರಿಸುತ್ತಾರೆ. ಆದರೆ ಗುಂಡಿ ಹಾಕಲು, ಚೆಂಡು ಹಿಡಿಯಲು, ಚೆಲ್ಲದೆ ನೀರು ಸುರಿಯಲು, ಕತ್ತರಿಸಲು, ಬರೆಯಲು ಒದ್ದಾಡುತ್ತಾರೆ.

ಐದು ದಾಟಿದರೂ ವೃತ್ತ, ಅಡ್ಡ-ಉದ್ದ ಗೆರೆಗಳನ್ನು ನಕಲು ಮಾಡಲಾಗದಿರುವುದು, ಚಿತ್ರ ಬಿಡಿಸುವುದನ್ನೇ ತಪ್ಪಿಸಿಕೊಳ್ಳುವುದು, ಆರರ ಹೊತ್ತಿಗೂ ಯಾವ ಕೈ ಎಂಬುದು ನಿಶ್ಚಯವಾಗದಿರುವುದು, ಮೇಲಿಂದ ಮೇಲೆ ಎಡವುವುದು, ಮೊದಲು ಬರುತ್ತಿದ್ದ ಕೆಲಸ ಈಗ ಬಾರದಿರುವುದು ಇವು ಗಮನಿಸಬೇಕಾದ ಲಕ್ಷಣಗಳು. ಇವುಗಳಲ್ಲಿ ಕೊನೆಯದು ಕಂಡರೆ ತಡಮಾಡುವಂತಿಲ್ಲ. ಮೊದಲು ಕಣ್ಣಿನ ತಪಾಸಣೆ ಮಾಡಿಸುವುದು ಕ್ಷೇಮ. ಎಷ್ಟೋ ವೇಳೆ ಕನ್ನಡಕವೊಂದರಿಂದಲೇ ಸಮಸ್ಯೆ ಬಗೆಹರಿಯುತ್ತದೆ.

ಇಲ್ಲಿ ಕಾನೂನಿನ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿತು. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. ಡಿಸ್‌ಗ್ರಾಫಿಯಾ, ಡಿಸ್‌ಪ್ರಾಕ್ಸಿಯಾಗಳ ಹೆಸರೂ ಅದರ ವ್ಯಾಖ್ಯೆಯಲ್ಲಿದೆ. ಆದರೆ 2018ರ ಜನವರಿಯಲ್ಲಿ ಹೊರಬಂದ ಮಾರ್ಗಸೂಚಿಯು ಶಿಕ್ಷಕರ ಪ್ರಾಥಮಿಕ ತಪಾಸಣೆಯನ್ನು ಮೂರನೇ ತರಗತಿ ಅಥವಾ ಎಂಟು ವರ್ಷಕ್ಕೆ ನಿಗದಿ ಮಾಡಿತು. ಚಿಕ್ಕ ಮಗುವಿಗೆ ಆತುರದಲ್ಲಿ ಹಣೆಪಟ್ಟಿ ಹಚ್ಚಬಾರದು ಎಂಬ ವೈದ್ಯಕೀಯ ವಿವೇಕ ಇದರ ಹಿಂದಿದೆ. ಆದರೆ ವಾಸ್ತವದಲ್ಲಿ ಏನಾಗುತ್ತಿದೆ? ಬರೆಯಬೇಕೆಂಬ ಒತ್ತಾಯ ಮೂರನೇ ವರ್ಷಕ್ಕೆ ಆರಂಭವಾಗುತ್ತದೆ. ಬರೆಯಲಾಗದ ಕಾರಣ ಕೇಳುವ ವ್ಯವಸ್ಥೆ ಎಂಟಕ್ಕೆ ಬರುತ್ತದೆ. ನಡುವಿನ ಐದು ವರ್ಷ ಮಗು ಪೆಟ್ಟು ತಿನ್ನುತ್ತದೆ, ಇಲ್ಲವೇ ಮೌನವಾಗುತ್ತದೆ.

ಈ ಅಂತರ ತುಂಬಲು ಪ್ರಮಾಣಪತ್ರ ಬೇಕಿಲ್ಲ, ನೆರವು ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ವರ್ಷಕ್ಕೆರಡು ಬಾರಿ ಅಂಗನವಾಡಿಗೆ, ಒಮ್ಮೆ ಸರ್ಕಾರಿ ಶಾಲೆಗೆ ಭೇಟಿ ನೀಡಬೇಕು. ಬೆಳವಣಿಗೆಯಲ್ಲಿ ತಡ ಕಂಡ ಮಕ್ಕಳನ್ನು ಜಿಲ್ಲಾ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸಬೇಕು. ತಾಲ್ಲೂಕು ಮಟ್ಟದಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಕಲಿಕೆಯ ತೊಂದರೆಗಳ ತಪಾಸಣೆ ಲಭ್ಯ. ಆದರೆ ಕೈಯ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ದೊಡ್ಡ ನಗರಗಳಲ್ಲೇ ಕೇಂದ್ರೀಕೃತರಾಗಿದ್ದಾರೆ. ಖಾಸಗಿಯಾಗಿ ವಾರಕ್ಕೆರಡು ಬಾರಿ ಥೆರಪಿ ಕೊಡಿಸುವುದು ಮಧ್ಯಮ ವರ್ಗಕ್ಕೂ ಭಾರವೇ. ಹೀಗಾಗಿ ಹೊರೆ ಮತ್ತೆ ಶಿಕ್ಷಕಿಯ ಹೆಗಲಿಗೇ ಬರುತ್ತದೆ. ಆಕೆಗೆ ತರಬೇತಿಯಲ್ಲಿ ಈ ವಿಷಯ ಕಲಿಸುವುದೇ ಸರ್ಕಾರಕ್ಕಿರುವ ಅಗ್ಗದ ದಾರಿ.

ಏನು ಫಲ ಕೊಡುತ್ತದೆ?

ಹಿಟ್ಟು ನಾದಿಸಿದ ಮಾತ್ರಕ್ಕೆ ಅಕ್ಷರ ದುಂಡಗಾಗುತ್ತದೆ ಎಂದೂ ತಿಳಿಯಬಾರದು. ಬರವಣಿಗೆಯ ನೆರವಿನ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಕೆನಡಾದ ನಿಯತಕಾಲಿಕದಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಬರವಣಿಗೆಯ ಅಭ್ಯಾಸವೇ ಇಲ್ಲದ ನೆರವು ಪ್ರಯೋಜನಕ್ಕೆ ಬರಲಿಲ್ಲ; 20 ಪಾಠಗಳಿಗಿಂತ ಕಡಿಮೆ ನಡೆದದ್ದೂ ಫಲ ಕೊಡಲಿಲ್ಲ. ಅಂದರೆ ನಾಲ್ಕು ವರ್ಷದ ಮಗುವಿಗೆ ಆಟ, ಕತ್ತರಿ, ಬಣ್ಣ ಸಾಕು. ಆರು ದಾಟಿಯೂ ಬರೆಯಲು ಕಷ್ಟಪಡುವ ಮಗುವಿಗೆ ಬರೆದೇ ಕಲಿಸಬೇಕು. ಆದರೆ ದಿನಕ್ಕೆ ಹತ್ತು ನಿಮಿಷ, ಒಂದೆರಡು ಅಕ್ಷರ, ಗೆರೆ ಎಲ್ಲಿಂದ ಶುರುವಾಗಿ ಎತ್ತ ತಿರುಗುತ್ತದೆ ಎಂದು ತೋರಿಸಿಕೊಟ್ಟು, ಚೆನ್ನಾಗಿ ಬಂದ ಅಕ್ಷರವನ್ನು ಮಗುವಿನಿಂದಲೇ ಗುರುತಿಸಿ. ಪಾದ ನೆಲಕ್ಕೆ ತಾಗುವ ಕುರ್ಚಿ, ಮೊಣಕೈಗೆ ಎಟುಕುವ ಮೇಜು ಇರಬೇಕು. ಕೈ ಸೋತಾಗ ಉತ್ತರವನ್ನು ಬಾಯಲ್ಲಿ ಹೇಳಲು ಅವಕಾಶವಿರಬೇಕು. ನೂರು ಸಲ ಬರೆಸುವ ಶಿಕ್ಷೆ ತಪ್ಪು ರೂಪವನ್ನೇ ನೂರು ಸಲ ಗಟ್ಟಿ ಮಾಡುತ್ತದೆ.

ಸರ್ಕಾರ ಮಾಡಬೇಕಾದ ಕೆಲಸವೂ ದೊಡ್ಡದೇನಲ್ಲ. ಪೂರ್ವ ಪ್ರಾಥಮಿಕ ತರಗತಿಗಳಲ್ಲಿ ಬರವಣಿಗೆಯ ಮನೆಗೆಲಸಕ್ಕೆ ತಡೆ, ಪ್ರವೇಶದ ಹೊತ್ತಿನ ಬರವಣಿಗೆ ಪರೀಕ್ಷೆಯ ಮೇಲೆ ನಿಗಾ, ಪ್ರತಿ ಅಂಗನವಾಡಿಗೂ ಹತ್ತಾರು ಪುಟ್ಟ ಕತ್ತರಿ, ಶಿಕ್ಷಕಿಯರಿಗೆ ಒಂದೆರಡು ದಿನಗಳ ತರಬೇತಿ. ಇದಕ್ಕೆ ಹೊಸ ಆಯೋಗ ಬೇಕಿಲ್ಲ.

ವಯೋಮಿತಿಯ ಚರ್ಚೆ ಮುಂದೆಯೂ ನಡೆಯಲಿದೆ. ಐದೂವರೆಯೋ ಆರೋ ಎಂಬುದನ್ನು ಆದೇಶ ನಿರ್ಧರಿಸಬಹುದು. ಆದರೆ ಆರು ವರ್ಷ ಕಾದ ಮಗು ಆ ಹೆಚ್ಚುವರಿ ತಿಂಗಳುಗಳನ್ನೂ ಕಾಪಿ ಪುಸ್ತಕ ತುಂಬುವುದರಲ್ಲೇ ಕಳೆದರೆ ಕಾಯಿಸಿದ್ದರಿಂದ ಬಂದ ಭಾಗ್ಯವೇನು? ತನ್ನ ಶರಟಿನ ಗುಂಡಿ ತಾನೇ ಹಾಕಿಕೊಂಡು, ಲಗ್ನಪತ್ರಿಕೆ ಕತ್ತರಿಸಿ ಗಾಳಿಪಟ ಮಾಡಿ, ಅವರೆಕಾಳು ಹಿದುಕಿ ಬೆರಳು ಪಳಗಿಸಿಕೊಂಡ ಮಗು ‘ಅ’ ಬರೆಯಲು ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ. ಅದು ಅಳುತ್ತ ಬರೆಯುವುದೂ ಇಲ್ಲ.